ಕೆಳಗಿನ ಪಟ್ಟಿ

ನರಗುಂದದ ನಮ್ಮ ಮನೆಯಲ್ಲಿ ಗೋಡೆಗೆ ಜ್ವರ ನೋಡುವ ಪದ್ಧತಿಯಿತ್ತು. ಮಹಾನವಮಿಗೆ ಮೊದಲು, ಸಾರಣೆ ಕಾರಣೆಯ ಕೆಲಸ ಹಿಡಿಯುವ ದಿನ, ಅವ್ವ ಪಡಸಾಲೆಯ ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮಲಗಿದ ಕೂಸಿನ ಹಣೆ ಮುಟ್ಟಿದ ಹಾಗೆ ಕೈಯ ಹಿಂಬದಿಯನ್ನು ಗೋಡೆಗೆ ಹಚ್ಚುತ್ತಿದ್ದಳು. ಹೊಸ್ತಿಲಿನಿಂದ ಮೂಲೆಯವರೆಗೆ ಕೂತಲ್ಲೇ ಸರಿಯುತ್ತ ಹೋಗುವಳು. ತಂಪು ಹತ್ತಿದಲ್ಲಿ ನಿಲ್ಲುವಳು. ಹೆಬ್ಬೆರಳಿನಿಂದ ಒತ್ತಿ ನೋಡಿ ಮಣ್ಣು ಮೆತ್ತಗಿದ್ದರೆ ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದು, ಒಣಮಣ್ಣು ಸಿಗುವವರೆಗೂ ಕೆರೆದು, ಆ ಗುಳಿಯನ್ನು ಬಿಸಿಲಿನ ಗಾಳಿಗೆ ಬಿಟ್ಟು, ಆಮೇಲೆ ಹೊಟ್ಟು ಕಲೆಸಿದ ಹೊಸ ಮಣ್ಣು ತುಂಬುವಳು. ನಮ್ಮೂರಿಗೆ ಕಾಲುವೆ ಬಂದ ಮೇಲೆ ಗೋಡೆಗಳು ಕೆಳಗಿನಿಂದ ಬೆವರುತ್ತಿದ್ದವು. ಹೊಲಕ್ಕೆ ನೀರು ಬಂದದ್ದು ಎಲ್ಲರಿಗೂ ಸಂತೋಷವೇ. ಅದೇ ನೀರು ನೆಲದೊಳಗಿಂದ ನಡೆದು ಬಂದು ಮನೆಯ ಗೋಡೆ ಏರುತ್ತಿತ್ತು. ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಪುಡಿ ಏಳುತ್ತಿತ್ತು. ಅದನ್ನು ದಿನಾ ಕಸಬರಿಗೆಯಿಂದ ಗುಡಿಸಿ ಹಾಕುವುದು ನನ್ನ ಕೆಲಸವಾಗಿತ್ತು.

ಸಾರಣೆಯೆಂದರೆ ಮಣ್ಣು ಬಳಿದು ನುಣುಪು ಮಾಡುವುದು. ಅದರ ಮೇಲೆ ಸುಣ್ಣ. ಸುಣ್ಣ ಒಣಗಿದ ಮೇಲೆ ಗೋಡೆಯ ಬುಡದುದ್ದಕ್ಕೂ ಕೆಮ್ಮಣ್ಣಿನ ಪಟ್ಟೆ ಎಳೆಯುವುದು, ಅದೇ ಕಾರಣೆ. ಸೀರೆಗೆ ದಡಿ ಇದ್ದ ಹಾಗೆ ಗೋಡೆಗೆ ಕಾರಣೆ. ನಮ್ಮ ಓಣಿಯಲ್ಲಿ ಸಾವಾದ ಮನೆಯವರು ಆ ವರ್ಷ ಕಾರಣೆ ಎಳೆಯುತ್ತಿರಲಿಲ್ಲ. ಬೀದಿಯಲ್ಲಿ ಹೋಗುವವರು ತೆರೆದ ಬಾಗಿಲಿನಿಂದ ಒಳಗಿನ ಗೋಡೆಯ ಬುಡ ನೋಡಿದರೆ ಸಾಕಿತ್ತು, ಆ ಮನೆಯಲ್ಲಿ ಯಾರೋ ಹೋಗಿದ್ದಾರೆ ಎಂದು ತಿಳಿಯುತ್ತಿತ್ತು. ಈ ಸಂಗತಿಯನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆಯಿತು. ನನ್ನ ಅಣ್ಣ ಈರಣ್ಣ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಅವನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಕೈ ಆ ಗೋಡೆಗೇ ಹೋಗುತ್ತದೆ. ನಾನು ಹೆಚ್ಚು ಓದಿದವಳಲ್ಲ. ನೆನಪಿದ್ದಂತೆ ಬರೆಯುತ್ತೇನೆ.

ಅವ್ವನ ಕೈಗಳನ್ನು ಸುಣ್ಣ ತಿಂದಿತ್ತು. ಬೆರಳ ಸಂದಿಗಳಲ್ಲಿ ಸೀಳು, ಅಂಗೈಯಲ್ಲಿ ಬಿರುಕು. ರೊಟ್ಟಿ ಬಡಿಯುವಾಗ ಹಳೆಯ ಧೋತರದ ಚೂರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕೆಂಪು ಚಟ್ನಿ ಕುಟ್ಟುವ ದಿನ ಖಾರ ಬಿರುಕಿನೊಳಗೆ ಹೊಕ್ಕು, ಕೈಗಳನ್ನು ಮಜ್ಜಿಗೆಯ ಬೋಗುಣಿಯಲ್ಲಿ ಮುಳುಗಿಸಿಕೊಂಡು ಒಲೆಯ ಮುಂದೆ ಸುಮ್ಮನೆ ಕೂತಿರುವಳು. ಅಪ್ಪ ಪೇಟೆಯ ಅಡತಿ ಅಂಗಡಿಯಲ್ಲಿ ಗುಮಾಸ್ತ. ಕಾಳಿನ ಧೂಳು ತುಂಬಿದ ಅಂಗಿಯಲ್ಲಿ ಬಂದು, ಉಂಡು, ಹೋಗುವ ಮನುಷ್ಯ. ಅವ್ವನ ಕೈ ನೋಡಿದ್ದರೂ ಆ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಮಾತಾಡುತ್ತಿದ್ದವನು ಅಣ್ಣ. ಹತ್ತನೇ ಇಯತ್ತೆ ಮುಗಿಸಿ ಹುಸೇನಸಾಬ ಮಿಸ್ತ್ರಿಯ ಹತ್ತಿರ ಬಡಿಗತನ ಕಲಿತು, ಆಗಲೇ ಸ್ವಂತ ಕೆಲಸ ಹಿಡಿಯುವಷ್ಟು ಆಗಿದ್ದ. ಊಟಕ್ಕೆ ಕೂತಾಗ ಅವ್ವ ರೊಟ್ಟಿ ನೀಡಲು ಬಗ್ಗಿದರೆ ಅವಳ ಬೆರಳಿಗೆ ಸುತ್ತಿದ ಬಟ್ಟೆಯನ್ನೇ ನೋಡುತ್ತಿದ್ದ.

“ಯವ್ವಾ, ಈ ವರ್ಷ ಸುಣ್ಣ ಮುಟ್ಟಗೊಡಂಗಿಲ್ಲ ನಿನ್ನ.”

“ಹಂಗಾರ ನಿನ್ನ ಹೇಣ್ತಿನ್ನ ಲಗೂ ಕರಕೊಂಡ ಬಾ, ಆಕಿ ಬಳೀಲಿ.”

“ಹೇಣ್ತಿ ಕೈ ಸುಡಸೂದಕ್ಕ ಮದುವಿ ಮಾಡಕೋಬೇಕೇನು? ಗ್ವಾಡಿಗೇ ಅಂಗಿ ತೊಡಸ್ತೀನಿ ತಡಿ.”

ಅಂಗಿ ತೊಡಿಸುವುದೆಂದರೆ ಹಲಗೆ ಹೊಡೆಯುವುದು. ರೋಣದಲ್ಲಿ ಒಂದು ಹಳೆಯ ಬಟ್ಟೆ ಅಂಗಡಿ ಒಡೆಯುವಾಗ ಒಳಗೋಡೆಗೆ ಹಾಕಿದ್ದ ಪ್ಲೈವುಡ್ ಹಲಗೆಗಳನ್ನು ಮಿಸ್ತ್ರಿ ಕಳಚಿದ್ದರು. ಕೂಲಿಯ ಬದಲಿಗೆ ಅವನ್ನೇ ಕೊಡಿರಿ ಎಂದು ಅಣ್ಣ ಕೇಳಿದ. ಚಕ್ಕಡಿಯಲ್ಲಿ ಹೇರಿಕೊಂಡು ಬಂದ ಆ ಹಲಗೆಗಳಿಗೆ ಇನ್ನೂ ಹೊಸ ಬಟ್ಟೆಯ ಗಂಜಿವಾಸನೆ ಇತ್ತು. ಮಿಸ್ತ್ರಿಯೇ ಬಂದು ಗೋಡೆಗೆ ಅಡ್ಡಡ್ಡ ಮರದ ರೀಪುಗಳನ್ನು ಕೂರಿಸಿ, ಅವುಗಳ ಮೇಲೆ ಹಲಗೆಗಳನ್ನು ಹೊಡೆದುಕೊಟ್ಟರು. ಹಲಗೆ ನೆಲ ಮುಟ್ಟುವ ಮೊದಲೇ ನಿಲ್ಲಿಸಿದರು. ಕೆಳಗೆ ಗೋಡೆಯ ಬುಡ ಒಂದಿಷ್ಟು ಬರಿದಾಗಿ ಕಾಣುತ್ತಿತ್ತು.

“ಕೆಳಗ ನಾಕ ಬೆರಳು ಬಿಟ್ಟೀನಿ ನೋಡ್ರಿ ಅಕ್ಕಾರ. ಅದನ್ನ ಮುಚ್ಚಬ್ಯಾಡ್ರಿ. ಮಣ್ಣಿನ ಗ್ವಾಡಿ, ಉಸರಾಡಬೇಕು.”

“ಗ್ವಾಡಿ ಉಸರಾಡತೈತಂತ. ಮನಿ ಹೆಣಮಕ್ಕಳು ಉಸರಾಡೂದು ಯಾವಾಗರೀ ಸಾಬರ?”

ಮಿಸ್ತ್ರಿ ನಕ್ಕು ಚಹಾ ಕುಡಿದು ರೋಣದ ಕೆಲಸಕ್ಕೆ ಹೊರಟುಹೋದರು. ಉಳಿದ ಅಲಂಕಾರದ ಕೆಲಸ ಅಣ್ಣನದು. ಹಲಗೆ ಹಲಗೆ ಕೂಡುವ ಸಂದಿಗಳು ಕಾಣದಂತೆ ಅವುಗಳ ಮೇಲೆ ಬೀಡಿಂಗ್ ಪಟ್ಟಿ ಕೂರಿಸಬೇಕು. ಪೇಟೆಯ ತಯಾರು ಪಟ್ಟಿ ಬೇಡವೆಂದು ಅವನು ಸಾಗವಾನಿ ಚೂರುಗಳಿಂದ ತಾನೇ ಮಾಡಿದ. ಅಂಗಳದಲ್ಲಿ ಕೂತು ರಂದಾ ಹೊಡೆಯುವಾಗ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಹೊಟ್ಟನ್ನು ಅವ್ವ ಉಡಿಯಲ್ಲಿ ತುಂಬಿಕೊಂಡು ಹೋಗಿ ಒಲೆಗೆ ಹಾಕುತ್ತಿದ್ದಳು. ಪಟ್ಟಿಯ ನಡುವೆ ಗೀರು, ಎರಡೂ ಅಂಚಿಗೆ ಸಣ್ಣ ದುಂಡು. ಮೂಲೆಯಲ್ಲಿ ಎರಡು ಪಟ್ಟಿ ಕೂಡುವಲ್ಲಿ ಓರೆಯಾಗಿ ಕೊಯ್ದು, ಹಿಡಿದು ನೋಡಿ, ಮತ್ತೆ ಉಜ್ಜಿ, ಮತ್ತೆ ಹಿಡಿದು ನೋಡುವನು. ಉಗುರು ಹೋಗದಷ್ಟು ಕೂಡಿದ ಮೇಲೆ ಅಂಟು ಹಚ್ಚಿ ಮೊಳೆ ಹೊಡೆಯುವನು. ಮೊಳೆಯ ತಲೆ ಕಾಣದಂತೆ ಒಳಗೆ ಇಳಿಸಿ ಮೇಣ ತುಂಬುವನು. ಅವನು ಅಷ್ಟು ಸುಖವಾಗಿದ್ದುದನ್ನು ನಾನು ಆಮೇಲೆ ಎಂದೂ ನೋಡಲಿಲ್ಲ. ಅಪ್ಪ ಕೂಡ ಅಂಗಡಿಯಿಂದ ಇಬ್ಬರನ್ನು ಕರೆದುಕೊಂಡು ಬಂದು, ಏನೂ ಹೇಳದೆ, ಗೋಡೆಯ ಮುಂದೆ ನಿಲ್ಲಿಸಿದ. ಅದು ಅವನ ಹೊಗಳಿಕೆ.

ಓಣಿಯ ಹೆಂಗಸರು ನೋಡಲು ಬಂದರು. ಎದುರು ಮನೆಯ ಕಾಶವ್ವ ಕಾಕಿ ಹಲಗೆಯನ್ನು ತಟ್ಟಿ ನೋಡಿ, ಪಟ್ಟಿಯ ಗೀರಿನ ಮೇಲೆ ಬೆರಳೆಳೆದು, ಕೊನೆಗೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ಕೆಳಗೆ ನೋಡಿದಳು.

“ಎಲ್ಲಾ ಭಾಳ ಚಲೋ ಆತು ಖರೇ ಯವ್ವಾ. ಬುಡಕ್ಕ ಕಾರಣಿನ ಇಲ್ಲಲ್ಲ? ಸೂತಕದ ಮನಿ ಕಂಡಂಗ ಕಾಣತೈತಿ ನೋಡು.”

ಅಂದು ಅವ್ವ ಎಲ್ಲರಿಗೂ ಕೊಬ್ಬರಿ ಸಕ್ಕರೆ ಕೊಟ್ಟು ಕಳಿಸಿದಳು. ಆದರೆ ಮುಖ ಸಣ್ಣದಾಗಿತ್ತು. ಮರುದಿನ ಬೆಳಿಗ್ಗೆ ಅಣ್ಣ ಇನ್ನೂ ಮುಖ ತೊಳೆಯುತ್ತಿದ್ದ. ಬಚ್ಚಲ ಬಾಗಿಲಿಗೆ ಹೋಗಿ ನಿಂತಳು. ನಾನು ಪಕ್ಕದಲ್ಲೇ ತಂಬಿಗೆ ಹಿಡಿದು ನಿಂತಿದ್ದೆ.

“ಈರಾ, ಕೆಳಗೊಂದು ಪಟ್ಟಿ ಹೊಡಿಯೋ.”

“ಮಿಸ್ತ್ರಿ ಬ್ಯಾಡಂದಾರವ್ವಾ.”

“ಇದು ಮಿಸ್ತ್ರಿ ಮನಿ ಅಲ್ಲ, ನನ್ನ ಮನಿ. ಕಾರಣಿ ಇಲ್ಲದ ಗ್ವಾಡಿ ಮುಂದ ನಾ ದೀಪಾ ಹಚ್ಚಂಗಿಲ್ಲ.”

“ಗಾಳಿ ಆಡೂದಿಲ್ಲಬೇ. ಒಳಗ ಹಸಿ ಹಿಡೀತೈತಿ.”

“ಇಷ್ಟ ವರ್ಷ ಕೈ ಸುಟಗೊಂಡು ಸಾರಿಸೀನಿ. ಆ ಗ್ವಾಡಿ ನನಗ ಗೊತ್ತೋ, ನಿಮ್ಮ ಸಾಬಗ ಗೊತ್ತೋ? ನಿಮ್ಮವ್ವ ಜೀವಂತ ಇರೂತನಾ ಈ ಮನ್ಯಾಗ ಕಾರಣಿ ಇರಬೇಕು. ಹೊಡಿ.”

ಅಣ್ಣ ಟಾವೆಲ್ಲಿನಲ್ಲಿ ಮುಖ ಒರೆಸಿಕೊಂಡು ಅಂಗಳಕ್ಕೆ ಹೋದ. ಆಮೇಲೆ ಎಲ್ಲಕ್ಕಿಂತ ಅಗಲವಾದ ಪಟ್ಟಿಯನ್ನು ಮಾಡಿದ. ಅದಕ್ಕೆ ಪಾಲಿಶಿನೊಳಗೆ ಕೆಮ್ಮಣ್ಣು ಕಲೆಸಿ ಬಣ್ಣ ಕೊಟ್ಟ, ಕಾರಣೆಯದೇ ಬಣ್ಣ. ಹಲಗೆಯ ತುದಿಯಿಂದ ನೆಲದವರೆಗೆ ಇರುವೆ ಹೋಗದಂತೆ ಕೂರಿಸಿದ. ಸಡಿಲ ಬಿಟ್ಟು ಹೊಡೆಯುವುದು ಅವನ ಕೈಗೆ ಬರುತ್ತಿರಲಿಲ್ಲ. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು.

ಮುಂದಿನ ಮಹಾನವಮಿಗೆ ಅವ್ವನಿಗೆ ಕೆಲಸವಿರಲಿಲ್ಲ. ರೂಢಿಯಂತೆ ಬೆಳಿಗ್ಗೆ ಗೋಡೆಯ ಮುಂದೆ ಹೋಗಿ ಕೂತಳು. ಕೈಯ ಹಿಂಬದಿಯನ್ನು ಹಲಗೆಗೆ ಹಚ್ಚಿದಳು. ನನ್ನ ಕಡೆ ತಿರುಗಿ ನಕ್ಕಳು.

“ಜ್ವರಾ ಬಿಟ್ಟಾವು ನೋಡು ಗ್ವಾಡಿಗೆ.”

ಹಲಗೆ ಒಣಗಿತ್ತು. ಹಲಗೆ ಯಾವಾಗಲೂ ಒಣಗಿಯೇ ಇರುತ್ತಿತ್ತು. ಅದರ ಹಿಂದೆ ಎರಡು ಬೆರಳು ದೂರದಲ್ಲಿದ್ದ ಗೋಡೆಯನ್ನು ಆ ವರ್ಷ ಯಾರೂ ಮುಟ್ಟಲಿಲ್ಲ, ಮರುವರ್ಷವೂ ಮುಟ್ಟಲಿಲ್ಲ. ಸಾರಿಸುವುದು ಬರೀ ಅಂದಕ್ಕಲ್ಲ, ಗೋಡೆಯ ಯೋಗಕ್ಷೇಮ ನೋಡಿಕೊಳ್ಳುವುದೇ ಅದು ಎಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ಅದನ್ನು ಮಾಡುತ್ತಿದ್ದ ಅವ್ವನಿಗೂ ಅನಿಸಿರಲಿಲ್ಲ. ಅವಳಿಗೆ ಅದು ಕೈ ಸುಡುವ ಕೆಲಸ, ಅಷ್ಟೆ. ಆ ಎರಡು ವರ್ಷಗಳಲ್ಲಿ ಅವಳ ಕೈಗಳು ವಾಸಿಯಾದವು. ಬೆರಳ ಸಂದಿಗಳು ಕೂಡಿದವು. ಒಂದು ಸಂಜೆ ನನ್ನ ತಲೆ ಹಿಕ್ಕುತ್ತ ಅವಳು ಅಂಗೈಯನ್ನು ನನ್ನ ಕೆನ್ನೆಗೆ ಇಟ್ಟು, “ಹ್ಯಾಂಗಾಗ್ಯಾವು ನೋಡು, ಸಾವಕಾರ್ತಿ ಕೈ ಆಗ್ಯಾವು” ಎಂದಳು. ನಿಜವಾಗಿಯೂ ಮೆತ್ತಗಿದ್ದವು. ಅವ್ವನ ಮೈಯ ನೆನಪೆಂದು ನನ್ನ ಬಳಿ ಉಳಿದಿರುವುದು ಆ ಮೆತ್ತಗಿನ ಅಂಗೈ ಒಂದೇ. ಹೀಗಾಗಿ ಆ ಹಲಗೆಗಳನ್ನು ಪೂರಾ ಬೈಯಲು ಇವತ್ತಿಗೂ ನನಗಾಗುವುದಿಲ್ಲ.

ಎರಡನೆಯ ಬೇಸಿಗೆಯಲ್ಲೇ ಪಡಸಾಲೆಯಲ್ಲಿ ಹಸಿಮಣ್ಣಿನ ವಾಸನೆ ಇರುತ್ತಿತ್ತು. ಹೊರಗೆ ನೆಲ ಬಿರಿಯುವ ಬಿಸಿಲು; ಒಳಗೆ ಮೊದಲ ಮಳೆ ಬಿದ್ದ ವಾಸನೆ. ಬಂದವರು, “ಎಷ್ಟ ತಂಪೈತಿ ನಿಮ್ಮ ಮನಿ” ಎನ್ನುತ್ತಿದ್ದರು. ಕೆಳಗಿನ ಪಟ್ಟಿ ನಡುವಿನಲ್ಲಿ ಸ್ವಲ್ಪ ಉಬ್ಬಿತು. ಅಣ್ಣ ಅದರ ಮುಂದೆ ಕೂತು ಬೆರಳಿನಿಂದ ತಟ್ಟಿ ನೋಡಿ, ತೆಗೆದು ನೋಡಬೇಕು ಎಂದ. ಪಂಚಮಿಗೆ ಬೀಗರು ಅಣ್ಣನಿಗೆ ಹೆಣ್ಣಿನ ಮಾತಿಗೆ ಬರುವವರಿದ್ದರು. ಪಂಚಮಿ ಮುಗಿಯಲಿ ಎಂದಳು ಅವ್ವ.

ಆ ವರ್ಷ ಶ್ರಾವಣ ಬಂದರೂ ಮಳೆ ಬಿಡಲೇ ಇಲ್ಲ. ಅಬ್ಬರದ ಮಳೆಯಲ್ಲ, ಜಿಟಿಜಿಟಿ ಹಿಡಿದು ಕೂತ ಮಳೆ. ಹೊಳೆ ತುಂಬಿ ಕೊಣ್ಣೂರಿನ ಸೇತುವೆ ಮುಳುಗಿತ್ತು. ವಸೂಲಿಗೆಂದು ಆಚೆ ದಂಡೆಗೆ ಹೋಗಿದ್ದ ಅಪ್ಪ ಅಲ್ಲೇ ಸಿಕ್ಕಿಕೊಂಡಿದ್ದ. ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ, ಬೆಳಕು ಬರುವ ಕಡೆ, ಹಲಗೆಗೆ ಬೆನ್ನು ಹಚ್ಚಿ ಕೂತು ಮೊರದಲ್ಲಿ ಕಡಲೆ ಆರಿಸುತ್ತಿದ್ದಳು, ಪಂಚಮಿಯ ಉಂಡಿಗೆ. ಉಪ್ಪು ತಾ ಎಂದೋ ಏನೋ ಹೇಳಿದಳು. ನಾನು ಅಡುಗೆಮನೆಗೆ ಹೋದೆ. ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಚೀಲವನ್ನು ಬೆನ್ನಿನಿಂದ ಇಳಿಸಿದ ಹಾಗೆ ಒಂದು ಸದ್ದು. ತಿರುಗಿ ಬಂದರೆ ಪಡಸಾಲೆಯಲ್ಲಿ ಬೀದಿ ಕಾಣುತ್ತಿತ್ತು. ಮಾಳಿಗೆ ತನ್ನ ಕಂಬಗಳ ಮೇಲೆ ನಿಂತೇ ಇತ್ತು. ಗೋಡೆ ಇರಲಿಲ್ಲ. ಕಾಶವ್ವ ಕಾಕಿ ಎದುರು ಕಟ್ಟೆಯ ಮೇಲೆ ನಿಂತು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು.

ಬರೀ ಮಣ್ಣಿನ ಗೋಡೆ ಬಿದ್ದಿದ್ದರೆ ಹೆಂಟೆ ಹೆಂಟೆಯಾಗಿ ಬೀಳುತ್ತಿತ್ತು, ಬದುಕುತ್ತಿದ್ದಳೇನೋ ಎಂದು ಆಮೇಲೆ ಜನ ಆಡಿಕೊಂಡರು. ಇದು ಹಾಗೆ ಬೀಳಲಿಲ್ಲ. ಹಲಗೆಗಳೆಲ್ಲ ಒಂದಕ್ಕೊಂದು ಹಿಡಿದುಕೊಂಡು, ಹಿಂದೆ ಗೋಡೆಯ ಭಾರವನ್ನೆಲ್ಲ ಹೊತ್ತುಕೊಂಡು, ಬಾಗಿಲಿನಂತೆ ಒಂದೇ ಸಲಕ್ಕೆ ಅವ್ವನ ಮೇಲೆ ಮಲಗಿದ್ದವು. ಅಣ್ಣ ಕೆಲಸದಿಂದ ಓಡಿ ಬಂದ. ಓಣಿಯ ಗಂಡಸರು ಮಣ್ಣು ಸರಿಸಿ ಹಲಗೆ ಎತ್ತಿದರು. ಎತ್ತುವಾಗಲೂ ಅದು ಒಂದೇ ತುಂಡಾಗಿ ಎದ್ದಿತು. ಒಂದು ಮೂಲೆ ಬಿಟ್ಟಿರಲಿಲ್ಲ. ಒಂದು ಪಟ್ಟಿ ಸಡಿಲಿರಲಿಲ್ಲ. ಅದನ್ನು ಹಿತ್ತಲಿನ ಬೇವಿನ ಮರಕ್ಕೆ ಆನಿಸಿ ನಿಲ್ಲಿಸಿದರು. ಅವ್ವನ ಕೈಯಲ್ಲಿ ಕಡಲೆ ಇದ್ದವು.

ಮರುದಿನ ನೀರು ಇಳಿದ ಮೇಲೆ ಅಪ್ಪ ಬಂದ. ಅವ್ವನ ಹೆಣವನ್ನು ಕೂರಿಸಿದ ಕಡೆಗೆ ಮೊದಲು ಹೋಗಲಿಲ್ಲ. ದಾರಿಯಲ್ಲಿ ಯಾರೋ ಎಲ್ಲವನ್ನೂ ಹೇಳಿದ್ದರೆಂದು ಕಾಣುತ್ತದೆ, ನೇರವಾಗಿ ಹಿತ್ತಲಿಗೆ ಹೋದ. ಮಳೆಯಲ್ಲಿ ತೊಯ್ಯುತ್ತ ನಿಂತಿದ್ದ ಆ ಹಲಗೆಯ ಮುಂದೆ ನಿಂತು, ಮೂಲೆಯ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಲು ನೋಡಿದ. ಏಳಲಿಲ್ಲ.

“ಎಷ್ಟ ಗಟ್ಟಿ ಹೊಡದೀಯೋ ಈರಾ. ಒಂದೂ ಬಿಟ್ಟಿಲ್ಲ ನೋಡು.”

ಅಪ್ಪ ಪಟ್ಟಿಯನ್ನು ಬಿಟ್ಟು ಅಣ್ಣನ ಕಡೆ ತಿರುಗಿದ.

“ಮಿಸ್ತ್ರಿ ಕೆಳಗ ಬಿಟ್ಟಿದ್ದನಂತ. ನಿನಗ ಯಾರಪ್ಪಾ ಹೇಳಿದ್ದು, ಮುಚ್ಚಂತ?”

ನಾನು ಬಾಯಿ ತೆರೆದೆ. ಅಣ್ಣ ನನ್ನ ಮುಂಗೈಯನ್ನು ಹಿಡಿದ, ಬಳೆ ಒಡೆಯಿತು. ಹಾಗೇ ಹಿಡಿದುಕೊಂಡು ಬಣವೆಯ ಹಿಂದೆ ಕರೆದೊಯ್ದ.

“ಅವ್ವನ ಹೇಳಿದ್ಲಲ್ಲೋ ಅಣ್ಣಾ. ಅಪ್ಪಗ ಹೇಳೂಣು.”

“ಹೇಳಬ್ಯಾಡ ತಂಗಿ. ಸತ್ತಾಕಿ ಮ್ಯಾಲ ಹಾಕೂದು ಬ್ಯಾಡ.”

“ನಿನ್ನ ಮ್ಯಾಲ ಬರತೈತಲ್ಲ?”

“ಬರ್ಲಿ. ಹೊಡದಾಂವ ನಾನ. ಕೈಯಾರೆ ತನ್ನ ಮ್ಯಾಲ ತಾನ ಕೆಡವಿಕೊಂಡ್ಲು ಅಂತ ಅಪ್ಪ ದಿನಾ ಆಕಿನ್ನ ನೆನಸೂದು ಬ್ಯಾಡ. ನನ್ನ ಬೈಕೋಂತ ನೆನಸಲಿ. ಆಣಿ ಮಾಡು.”

ನಾನು ಮಾಡಿದೆ. ಅವ್ವನ ಮೇಲೆಯೇ ಮಾಡಿಸಿಕೊಂಡ.

ಹುಸೇನಸಾಬ ಮಿಸ್ತ್ರಿ ರೋಣದಿಂದ ಬಂದರು. ಅಪ್ಪನ ಮುಂದೆ ನೆಲದ ಮೇಲೆ ಕೂತು, ಈ ಮಳೆಗೆ ಹಲಗೆ ಇಲ್ಲದ ಗೋಡೆಗಳೂ ಎಷ್ಟೋ ಬಿದ್ದಿವೆ, ಹುಡುಗನ ತಪ್ಪು ಎನ್ನಬೇಡಿರಿ ಎಂದರು. ಅದು ನಿಜವೂ ಇರಬಹುದು. ಪಟ್ಟಿ ಇಲ್ಲದಿದ್ದರೆ ಗೋಡೆ ನಿಲ್ಲುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ಕೇಳಿಸಿಕೊಂಡು ಎದ್ದು ಹೋದ. ಅಣ್ಣ ತನ್ನ ರಂದಾ, ಗರಗಸ, ಉಳಿಗಳನ್ನು ಚೀಲದಲ್ಲಿ ಕಟ್ಟಿ ಮಿಸ್ತ್ರಿಯ ಕೈಗೇ ಕೊಟ್ಟುಬಿಟ್ಟ. ಅಪ್ಪ ದುಡಿಯುತ್ತಿದ್ದ ಬೀದಿಯಲ್ಲೇ ಬೇರೊಂದು ಅಡತಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸಕ್ಕೆ ಸೇರಿದ. ಕಡೆತನಕ ಅದನ್ನೇ ಮಾಡಿದ. ಆ ಪಂಚಮಿಗೆ ಬರಬೇಕಿದ್ದ ಬೀಗರು ಬರಲಿಲ್ಲ. ಮುಂದೆ ಅಣ್ಣ ಬೇರೆ ಕಡೆಯ ಹೆಣ್ಣು ತಂದು, ಊರಾಚೆ ಇಟ್ಟಿಗೆ ಸಿಮೆಂಟಿನ ಎರಡು ಖೋಲಿ ಕಟ್ಟಿಕೊಂಡ. ಅಪ್ಪನೂ ಅಲ್ಲಿಯೇ ಇದ್ದ. ಮಗ ಹಾಕಿದ ತಾಟಿನಲ್ಲಿ ಉಂಡ, ಮಗ ಹೊಲಿಸಿದ ಅಂಗಿ ತೊಟ್ಟ, ಸಾಯುವವರೆಗೂ ಮಗನ ಹೆಸರು ಹಿಡಿದು ಕರೆಯಲಿಲ್ಲ. “ಅವಗ ಹೇಳವ್ವಾ” ಎಂದು ಸೊಸೆಗೆ ಹೇಳುತ್ತಿದ್ದ, ಅಣ್ಣ ಎದುರಿಗೇ ಕೂತಿದ್ದರೂ. ಅಪ್ಪ ಹೋದ ದಿನ ನಾನು ಅಣ್ಣನ ಮುಖ ನೋಡಿದೆ, ಇನ್ನಾದರೂ ಆಣೆ ಬಿಡಿಸುತ್ತಾನೇನೋ ಎಂದು. ಅವನು ತಲೆಯನ್ನು ಸಣ್ಣಗೆ ಅಲ್ಲಾಡಿಸಿದ.

ನಾನು ಮದುವೆಯಾಗಿ ಗಜೇಂದ್ರಗಡದ ಬದಿಯ ಲಕ್ಕಲಕಟ್ಟಿಗೆ ಬಂದೆ. ವರ್ಷಕ್ಕೊಮ್ಮೆ ಪಂಚಮಿಗೆ ತವರಿಗೆ ಹೋದಾಗಲೆಲ್ಲ ಕಣ್ಣು ಅಣ್ಣನ ಗೋಡೆಯ ಬುಡಕ್ಕೆ ಹೋಗುತ್ತಿತ್ತು. ಅವನ ಮನೆಯ ಗೋಡೆಗೆ ಬರೀ ಬಿಳಿ ಬಣ್ಣ, ಮೇಲಿನಿಂದ ನೆಲದವರೆಗೆ. ಎಲ್ಲರೂ ಕೆಳಗೆ ಕಲ್ಲಿನ ಪಟ್ಟಿಯನ್ನೋ ಎಣ್ಣೆ ಬಣ್ಣದ ಪಟ್ಟೆಯನ್ನೋ ಹಾಕಿಸುತ್ತಾರೆ. ಇವನು ಒಂದು ಗೆರೆಯನ್ನೂ ಎಳೆಸಲಿಲ್ಲ. ಕಾರಣೆ ಇಲ್ಲದ ಗೋಡೆಯ ನಡುವೆ ಒಂದು ಜೀವಮಾನ ಕಳೆದ. ಮಹಾನವಮಿಗೆ ಮೊದಲು ಮಾತ್ರ, ಬಾಗಿಲಿನಿಂದ ಮೂಲೆಯವರೆಗೆ ಕುಕ್ಕರುಗಾಲಿನಲ್ಲಿ ಸರಿಯುತ್ತ, ಕೈಯ ಹಿಂಬದಿಯನ್ನು ಸಿಮೆಂಟಿಗೆ ಹಚ್ಚಿ ನೋಡುತ್ತಿದ್ದ. ನಿಮ್ಮಣ್ಣ ಏನೋ ಹರಕೆ ಹೊತ್ತಾರ ಎಂದು ವೈನಿ ಒಮ್ಮೆ ನನ್ನ ಹತ್ತಿರ ಹೇಳಿದಳು. ಹೌದಿರಬೇಕು ಎಂದೆ.

ಈಗ ಅವನ ದಿನಗಳೆಲ್ಲ ಮುಗಿದ ಮೇಲೆ, ಬಂದವರೆಲ್ಲ ಹೋದ ಮೇಲೆ, ಅವನ ಮಗ ಮಂಜು ನನ್ನ ಪಕ್ಕ ಬಂದು ಕೂತ. ಅಣ್ಣ ಮಲಗುತ್ತಿದ್ದ ಮಂಚದ ಹಿಂದಿನ ಗೋಡೆಯಲ್ಲಿ ನೀರಿನ ಕಲೆ ಎದ್ದಿದೆ. ಕಡೆಯ ತಿಂಗಳುಗಳಲ್ಲಿ ಅವನು ಮಲಗಿದಲ್ಲಿಂದಲೇ ಅದಕ್ಕೆ ಕೈ ಹಚ್ಚುತ್ತಿದ್ದನಂತೆ. ಮಂಜು ಮೊಬೈಲಿನಲ್ಲಿ ಪ್ಲಾಸ್ಟಿಕ್ ಪ್ಯಾನೆಲ್ಲುಗಳ ಚಿತ್ರ ತೋರಿಸಿದ. ಮೇಲೆ, ಕೆಳಗೆ, ಸಂದಿಗೆಲ್ಲ ಬಂಗಾರದ ಬಣ್ಣದ ಪಟ್ಟಿ.

“ಅಪ್ಪ ಇರೂತನಾ ಹಾಕಗೊಡಲಿಲ್ಲ ಅತ್ತಿ. ಈ ಮಾತು ತಗದ್ರ ಸಾಕು, ಎದ್ದು ಹೊರಗ ಹೋಗತಿದ್ದ. ಯಾಕಂತ ಒಮ್ಮೆನೂ ಹೇಳಲಿಲ್ಲ. ನಿನಗೇನರ ಗೊತ್ತೇನು?”

ಅಣ್ಣ ಅವ್ವನ ಮೇಲೆ ಆಣೆ ಮಾಡಿಸಿಕೊಂಡಿದ್ದು ಅಪ್ಪನಿಗೆ ಹೇಳಬಾರದೆಂದು. ಅಪ್ಪ ಇಲ್ಲ. ಈಗ ಸುಮ್ಮನಿದ್ದರೆ ಅಣ್ಣನ ಮೇಲೆ ಬಂದದ್ದು ಅಣ್ಣನ ಮೇಲೆಯೇ ಉಳಿಯುತ್ತದೆ. ಮಗನಾದರೂ ತಿಳಿಯಲಿ ಎಂದು ಬಚ್ಚಲ ಬಾಗಿಲಿನಲ್ಲಿ ಅವ್ವ ಆಡಿದ ಮಾತುಗಳನ್ನು ಅವಳು ಆಡಿದ ಹಾಗೆಯೇ ಹೇಳಿದೆ. ಬಣವೆಯ ಹಿಂದಿನದನ್ನೂ ಹೇಳಿದೆ. ಮಂಜು ಮೊಬೈಲನ್ನು ನೆಲಕ್ಕೆ ಬೋರಲಾಗಿ ಇಟ್ಟು ಕೂತ.

“ಹಂಗಾರ ಬ್ಯಾಡ ಬಿಡು ಅತ್ತಿ. ನೀರಿನ ಕಲಿ ಇದ್ರ ಇರ್ಲಿ.”

“ಹಾಕಸಪ್ಪಾ. ಕೆಳಗ ನಾಕ ಬೆರಳು ಬಿಡಸು.”

“ಬುಡಾ ಬರಿದ ಕಾಣತೈತಿ ಅಂತ ಅಜ್ಜಿ ಅಂದಂಗ ನಮ್ಮವ್ವನೂ ಅಂದ್ರ?”

ನಾನು ಎದ್ದು ಹೋಗಿ ಆ ಗೋಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಮೊಣಕಾಲು ಬಗ್ಗುವುದಿಲ್ಲ, ಆದರೂ ಕೂತೆ. ಕೈಯ ಹಿಂಬದಿ ಹಚ್ಚಿದೆ. ತಂಪಿತ್ತು. ನಾಲ್ಕು ಬೆರಳನ್ನು ನೆಲದಿಂದ ಮೇಲೆ, ಮಿಸ್ತ್ರಿ ಬಿಟ್ಟಿದ್ದ ಹಾಗೆ, ಗೋಡೆಯ ಮೇಲೆ ಇಟ್ಟೆ. ಅಷ್ಟು ಜಾಗದಲ್ಲಿ ಒಂದು ಕೆಮ್ಮಣ್ಣಿನ ಪಟ್ಟೆ ಸರಿಯಾಗಿ ಕೂರುತ್ತದೆ. ಹಲಗೆ ಮೇಲೆ ಇದ್ದರೆ ಇರಲಿ, ಬರಿದಾದ ಬುಡದ ಮೇಲೆಯೇ ಕಾರಣೆ ಎಳೆಯಬಹುದು. ಪಟ್ಟಿ ಬೇಕಿರಲಿಲ್ಲ. ಒಂದು ಬೋಗುಣಿ ಕೆಮ್ಮಣ್ಣು, ಒಂದು ಬಟ್ಟೆಯ ಚೂರು. ಅಂದು ಅವ್ವನಿಗೂ ಅಣ್ಣನಿಗೂ ನನಗೂ, ದಿನಾ ಕೆಮ್ಮಣ್ಣು ಕಾಣುತ್ತಿದ್ದ ಆ ಮನೆಯಲ್ಲಿ ಯಾರಿಗೂ, ಇಷ್ಟು ಹೊಳೆಯಲಿಲ್ಲ.

“ಬರಿದ ಇರೂದಿಲ್ಲೋ ಮಂಜು,” ಎಂದೆ. “ವರ್ಷ ತುಂಬಿದ ಮ್ಯಾಲ ನಾನ ಬರತೀನಿ. ಕೆಮ್ಮಣ್ಣು ತರಸಿಡು.”